ಒಂಬತ್ತು ಬಾಗಿಲು, ಮೂರು ಲೆನ್ಸ್

ಮನುಷ್ಯರ ಫೋಟೋ ತೆಗೆಯುವಾಗ ‘ಸ್ವಲ್ಪ ಈಚೆ ತಿರುಗಿ’ ಎನ್ನಬಹುದು. ಮನೆಗೆ ಹಾಗೆ ಹೇಳಲು ಬರುವುದಿಲ್ಲ. ಅದು ಇದ್ದಲ್ಲೇ ಇರುತ್ತದೆ. ತಿರುಗಬೇಕಾದವರು, ಹಿಂದೆ ಮುಂದೆ ಸರಿಯಬೇಕಾದವರು ನಾವು. ಎಷ್ಟು ಹಿಂದೆ, ಎಷ್ಟು ಮುಂದೆ ಎಂಬುದನ್ನು ಬಹುಪಾಲು ತೀರ್ಮಾನಿಸುವುದು ಕ್ಯಾಮರಾಕ್ಕೆ ಸಿಕ್ಕಿಸಿದ ಲೆನ್ಸ್. ಹಾಗಾಗಿ ಲೆನ್ಸ್ ಆರಿಸುವುದೆಂದರೆ ನಿಲ್ಲುವ ಜಾಗವನ್ನು ಆರಿಸುವುದು. ಇದು ಪುಸ್ತಕದಲ್ಲಿ ಓದಿದರೆ ಅರ್ಥವಾಗುವ ಮಾತೇ. ಆದರೆ ಇದರ ತೂಕ ನನಗೆ ತಿಳಿದದ್ದು ನೀಲಗಿರಿಯ ಕೆತ್ತಿಯಲ್ಲಿ, ಒಂದು ಸಾಲುಮನೆಯ ಅಂಗಳದಲ್ಲಿ.

ಕೆತ್ತಿಯ ವಿಷಯಕ್ಕೆ ಬರುವ ಮೊದಲು ಲೆನ್ಸಿನ ಲೆಕ್ಕವನ್ನು ಸ್ವಲ್ಪ ಹೇಳಬೇಕು. 35 ಮಿ.ಮೀ. ಫಿಲ್ಮಿನ ಕ್ಯಾಮರಾದಲ್ಲಿ ಒಂದು ಚೌಕಟ್ಟಿನ ಅಗಲ 36 ಮಿ.ಮೀ. ಇದಕ್ಕೆ 50 ಮಿ.ಮೀ. ಲೆನ್ಸ್ ಹಾಕಿದರೆ ಮೂಲೆಯಿಂದ ಮೂಲೆಗೆ ಸುಮಾರು 46 ಡಿಗ್ರಿಯ ನೋಟ ಸಿಗುತ್ತದೆ. ಇದನ್ನು ನಾರ್ಮಲ್ ಲೆನ್ಸ್ ಎನ್ನುತ್ತಾರೆ. 28 ಮಿ.ಮೀ. ಲೆನ್ಸಿನಲ್ಲಿ ನೋಟ 75 ಡಿಗ್ರಿಗೆ ಹಿಗ್ಗುತ್ತದೆ, ಇದು ವೈಡ್. 135 ಮಿ.ಮೀ. ಲೆನ್ಸಿನಲ್ಲಿ 18 ಡಿಗ್ರಿಗೆ ಕುಗ್ಗುತ್ತದೆ, ಇದು ಟೆಲಿ. ವೈಡ್ ಲೆನ್ಸ್ ಕಟ್ಟಡವನ್ನು ಎಳೆದು ಉದ್ದ ಮಾಡುತ್ತದೆ, ಟೆಲಿ ಲೆನ್ಸ್ ಒತ್ತಿ ಚಪ್ಪಟೆ ಮಾಡುತ್ತದೆ ಎಂದು ಫೋಟೋ ತೆಗೆಯುವವರು ಹೇಳುವುದುಂಟು. ಕಾಣುವುದು ಹಾಗೆಯೇ, ಆದರೆ ಮೂಲ ಕಾರಣ ಲೆನ್ಸಲ್ಲ, ದೂರ. ಏಳು ಮೀಟರು ದೂರದಲ್ಲಿ ಒಂದು ಮನೆ, ಅದರ ಹಿಂದೆ ಮೂವತ್ತು ಮೀಟರಿಗೆ ಅಷ್ಟೇ ದೊಡ್ಡ ಇನ್ನೊಂದು ಮನೆ ಇದ್ದರೆ, ಮುಂದಿನದು ಹಿಂದಿನದಕ್ಕಿಂತ ಐದು ಪಟ್ಟು ದೊಡ್ಡದಾಗಿ ಕಾಣುತ್ತದೆ. ಅದೇ ಎರಡು ಮನೆಗಳನ್ನು ಒಂದು ಕಿಲೋಮೀಟರು ದೂರದಿಂದ ನೋಡಿದರೆ ವ್ಯತ್ಯಾಸ ನೂರಕ್ಕೆ ಮೂರು ಮಾತ್ರ. ಬೆಂಕಿಪೊಟ್ಟಣದ ಮೇಲೆ ಬೆಂಕಿಪೊಟ್ಟಣ ಇಟ್ಟ ಹಾಗೆ ಅವು ಕಾಣುತ್ತವೆ. ಲೆನ್ಸ್ ಮಾಡುವುದಿಷ್ಟೆ: ಆ ದೂರದಲ್ಲಿ ನಿಲ್ಲಲು ನಮ್ಮನ್ನು ಒಪ್ಪಿಸುತ್ತದೆ.

ಇನ್ನು ಕೆತ್ತಿ. ಊಟಿ ಮತ್ತು ಕೂನೂರಿನ ನಡುವೆ, ರಸ್ತೆಯ ಕೆಳಗೆ ಹರಡಿಕೊಂಡಿರುವ ದೊಡ್ಡ ಕಣಿವೆ ಅದು. ಕೂನೂರಿನವರೆಗೆ 1899ರಲ್ಲಿ ಬಂದ ಬೆಟ್ಟದ ರೈಲು 1908ರಲ್ಲಿ ಊಟಿಗೆ ಮುಟ್ಟಿತು. ಆ ದಾರಿಯಲ್ಲಿ ಕೆತ್ತಿ ಒಂದು ನಿಲ್ದಾಣ. ಕಣಿವೆಯ ತುಂಬ ಬಡಗರ ಹಟ್ಟಿಗಳು. ಬಡಗ ಎಂಬ ಮಾತನ್ನು ಯಕ್ಷಗಾನ ನೋಡುವ ನಮ್ಮ ಜನಕ್ಕೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮದು ತೆಂಕು, ಕುಂದಾಪುರದ ಕಡೆಯದು ಬಡಗು. ಬಡಗಿನಿಂದ, ಅಂದರೆ ಉತ್ತರದ ಮೈಸೂರು ಸೀಮೆಯಿಂದ, ಬೆಟ್ಟ ಹತ್ತಿ ಬಂದವರಾದ್ದರಿಂದ ಅವರು ಬಡಗರು. ಅವರ ಮಾತು ಕನ್ನಡದ ತೀರ ಹತ್ತಿರದ ನಂಟು. ನಿಧಾನವಾಗಿ ಆಡಿದರೆ ನಮಗೆ ಅರ್ಧಕ್ಕಿಂತ ಹೆಚ್ಚು ತಿಳಿಯುತ್ತದೆ, ಉಳಿದದ್ದನ್ನು ಮುಖ ನೋಡಿ ಊಹಿಸಬಹುದು.

ಕಾಸರಗೋಡಿಗೂ ಕೆತ್ತಿಗೂ ಇನ್ನೊಂದು ಹಳೆಯ ಎಳೆ ಇದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ 1846ರಲ್ಲಿ ಕೆತ್ತಿಯಲ್ಲಿ ನೆಲೆ ಹೂಡಿತು. ಆ ಮಿಷನ್ನಿನ ಹೆಸರು ನಮ್ಮ ಪೇಟೆಯ ಬಿ.ಇ.ಎಂ. ಹೈಸ್ಕೂಲಿನಲ್ಲಿ ಈಗಲೂ ಉಳಿದಿದೆ. ಬಡಗರ ನಡುವೆ ಕೆಲಸ ಮಾಡಲು ಆ ಪಾದ್ರಿಗಳು ಬಳಸಿದ್ದು ಕನ್ನಡವನ್ನೇ. ಕರಾವಳಿಯ ಕನ್ನಡ ಕಲಿತವರು ಆ ಬೆಟ್ಟದ ಮೇಲೆ ಅದೇ ಭಾಷೆಯ ಬಲದಿಂದ ಬದುಕಿದರು. 1956ರಲ್ಲಿ ರಾಜ್ಯಗಳನ್ನು ಭಾಷೆಯ ಲೆಕ್ಕದಲ್ಲಿ ವಿಂಗಡಿಸಿದಾಗ ನಾವು ಕೇರಳಕ್ಕೆ ಸೇರಿದೆವು, ನೀಲಗಿರಿ ಮದರಾಸಿನಲ್ಲೇ ಉಳಿಯಿತು.

ನಾನು ಅಲ್ಲಿಗೆ ಹೋದದ್ದು 1994ರ ಏಪ್ರಿಲ್ ರಜೆಯಲ್ಲಿ. ಪರಿಚಯದ ಬಡಗ ಅಧ್ಯಾಪಕರೊಬ್ಬರು ಪತ್ರ ಬರೆದಿದ್ದರು. ಅವರ ಹಟ್ಟಿಯ ಹಳೆಯ ಸಾಲುಮನೆಯನ್ನು ಮಳೆಗಾಲ ಕಳೆದ ಮೇಲೆ ಕೆಡವುವುದೆಂದು ಮನೆಯವರೆಲ್ಲ ಕೂತು ಗೊತ್ತು ಮಾಡಿದ್ದಾರೆ. ಪ್ರತಿಯೊಬ್ಬರೂ ತಮ್ಮ ತಮ್ಮ ತಾರಸಿ ಮನೆ ಕಟ್ಟಿಕೊಳ್ಳುತ್ತಾರೆ. ಅದಕ್ಕೆ ಮೊದಲು ಒಂದು ಫೋಟೋ ಆಗಬೇಕು, ‘ಸಾಲು ಸಾಲಾಗಿಯೇ ಕಾಣುವಂಥದ್ದು’ ಎಂದು ಬರೆದಿದ್ದರು. ನನ್ನಲ್ಲಿ ಒಂದು ಪೆಂಟಾಕ್ಸ್ ಕ್ಯಾಮರಾ ಇತ್ತು, ಮೇಲೆ ಹೇಳಿದ ಮೂರು ಲೆನ್ಸುಗಳೂ ಇದ್ದವು. ಫಿಲ್ಮನ್ನು ಊಟಿಯಲ್ಲೇ ಕೊಂಡೆ. 1960ರಲ್ಲಿ ಸ್ಥಾಪನೆಯಾಗಿ 1967ರಿಂದ ಉತ್ಪಾದನೆ ತೊಡಗಿದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆ ಊಟಿಯದೇ. ಅದರ ‘ಇಂದು’ ಎಂಬ ಕಪ್ಪು ಬಿಳುಪು ಫಿಲ್ಮ್ ಆಗ ನಮ್ಮ ಸ್ಟುಡಿಯೋಗಳಲ್ಲೆಲ್ಲ ಪರಿಚಿತ ಹೆಸರು. ಈಗ ಕಾರ್ಖಾನೆಯೂ ಇಲ್ಲ, ಆ ಫಿಲ್ಮೂ ಇಲ್ಲ.

ಬಡಗರ ಮನೆ ಬಿಡಿ ಮನೆಯಲ್ಲ. ಒಂದೇ ಉದ್ದದ ಮಾಡಿನ ಕೆಳಗೆ ಸಾಲಾಗಿ ಮನೆಗಳು, ನಡುನಡುವೆ ಗೋಡೆ. 1909ರಲ್ಲಿ ದಕ್ಷಿಣ ಭಾರತದ ಜನಾಂಗಗಳ ಕುರಿತು ದೊಡ್ಡ ಗ್ರಂಥ ಪ್ರಕಟಿಸಿದ ಎಡ್ಗರ್ ಥರ್ಸ್ಟನ್ ಇದನ್ನೇ ವಿವರಿಸಿದ್ದಾನೆ. ಪ್ರತಿ ಮನೆಗೂ ಹೊರಗಿನ ಕೋಣೆ ಒಂದು, ಒಳಗಿನದು ಒಂದು. ಹಾಲು ಕೊಡುವ ಎಮ್ಮೆ ದನ ಇದ್ದರೆ ಒಳಕೋಣೆಯ ಒಂದು ಭಾಗವೇ ಹಾಲಿನ ಮನೆ, ಅದರೊಳಗೆ ಹೆಂಗಸರು ಕಾಲಿಡುವಂತಿಲ್ಲ. ಹಿಂದೆ ಹುಲ್ಲು ಹೊದಿಸುತ್ತಿದ್ದ ಮಾಡುಗಳಿಗೆ ಆಮೇಲೆ ಹೆಂಚು ಬಂತು. ನಾನು ನೋಡಿದ ಸಾಲಿನಲ್ಲಿ ಒಂಬತ್ತು ಬಾಗಿಲುಗಳಿದ್ದವು. ಒಂದೊಂದು ಮನೆಯ ಅಗಲ ಸುಮಾರು ನಾಲ್ಕು ಮೀಟರು, ಒಟ್ಟು ಮೂವತ್ತಾರು ಮೀಟರು. ಎದುರಿಗೆ ಏಳು ಮೀಟರಿನ ಅಂಗಳ, ಎಲ್ಲರಿಗೂ ಸೇರಿದ್ದು. ಅಂಗಳದಾಚೆ ಕಲ್ಲಿನ ಕಟ್ಟೆ, ಅದರ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಆಲೂಗಡ್ಡೆ, ಕ್ಯಾರೆಟ್ ಗದ್ದೆಗಳು.

ಮೂವತ್ತಾರು ಮಿ.ಮೀ. ಅಗಲದ ಚೌಕಟ್ಟು, ಮೂವತ್ತಾರು ಮೀಟರು ಉದ್ದದ ಸಾಲು. ಲೆಕ್ಕ ಬಲು ಸುಲಭ. ಇಡೀ ಸಾಲನ್ನು ನೇರ ಎದುರಿನಿಂದ ಒಂದೇ ಚಿತ್ರದಲ್ಲಿ ಹಿಡಿಯಬೇಕಾದರೆ, ಲೆನ್ಸ್ ಎಷ್ಟು ಮಿಲಿಮೀಟರಿನದೋ ಅಷ್ಟು ಮೀಟರು ಹಿಂದೆ ಹೋಗಬೇಕು. 28ರ ಲೆನ್ಸಿಗೆ 28 ಮೀಟರು, 50ಕ್ಕೆ 50, 135ಕ್ಕೆ 135. ಅಂಗಳ ಇರುವುದು ಏಳೇ ಮೀಟರು. ಇಪ್ಪತ್ತೆಂಟು ಮೀಟರು ಹಿಂದೆ ಹೋದರೆ ಕೆಳಗಿನ ಗದ್ದೆಯಲ್ಲಿರುತ್ತೇವೆ. ಅಲ್ಲಿಂದ ಕಟ್ಟೆಯ ಕಲ್ಲು ಕಾಣುತ್ತದೆ, ಮಾಡು ಕಾಣುತ್ತದೆ, ನಡುವಿನ ಬಾಗಿಲುಗಳು ಮರೆಯಾಗುತ್ತವೆ. ದೂರದಿಂದ ಬರುವ ಫೋಟೋದವನಿಗಾಗಿ ಆ ಮನೆಯನ್ನು ಯಾರೂ ಕಟ್ಟಿರಲಿಲ್ಲ. ಅಂಗಳದಲ್ಲಿ ಕೂತವರು ಕೂತಲ್ಲಿಂದಲೇ ಒಬ್ಬರಿಗೊಬ್ಬರು ಕಾಣಲೆಂದು ಕಟ್ಟಿದ ಮನೆ ಅದು.

ಮೊದಲು ಟೆಲಿ ಲೆನ್ಸ್ ಹಾಕಿ ಮೇಲಿನ ರಸ್ತೆಗೆ ಹೋದೆ. ಅಲ್ಲಿ ಬಸ್ಸು, ಕಾರು ನಿಲ್ಲಿಸಿ ಪ್ರವಾಸಿಗಳು ಕಣಿವೆ ನೋಡುತ್ತಾರೆ. ಸ್ವಿಟ್ಜರ್ಲೆಂಡಿನ ಹಾಗಿದೆ ಎನ್ನುತ್ತಾರೆ. ಸ್ವಿಟ್ಜರ್ಲೆಂಡಿನ ಬಾಸೆಲಿನಿಂದ ಬಂದವರು ಕೆಳಗಿಳಿದು ಹೋಗಿ ಅಲ್ಲಿಯವರ ಮಾತು ಕಲಿತಿದ್ದರು. ಸ್ವಿಟ್ಜರ್ಲೆಂಡನ್ನು ಹುಡುಕಿ ಬಂದವರು ರಸ್ತೆಯಲ್ಲೇ ನಿಂತು ಮುಂದೆ ಹೋಗುತ್ತಾರೆ. ಅಲ್ಲಿಂದ ತೆಗೆದ ಚಿತ್ರ ಚೆನ್ನಾಗಿಯೇ ಬಂತು. ಆ ಚಿತ್ರ ಒಂದು ನಿಜವನ್ನೂ ಹೇಳಿತು. ಸಾಲು ನೇರವಾಗಿಲ್ಲ, ಗುಡ್ಡದ ಏರಿಗೆ ಹೊಂದಿಕೊಂಡು ಸ್ವಲ್ಪ ಬಾಗಿದೆ. ಉಳುವ ನೆಲವನ್ನು ಬಿಟ್ಟು ಮೇಲಿನ ಗಟ್ಟಿ ನೆಲದಲ್ಲಿ ಮನೆ ಕಟ್ಟಿದ್ದಾರೆ. ಹಟ್ಟಿಯಿಂದ ಹಟ್ಟಿಗೆ ಕಾಲುದಾರಿಗಳಿವೆ. ಅಂಗಳದಲ್ಲಿ ನಿಂತವರಿಗೆ ಇದು ತಿಳಿಯುವುದಿಲ್ಲ. ಆದರೆ ಆ ಚಿತ್ರದಲ್ಲಿ ಬಾಗಿಲು ಯಾವುದು, ಕಿಟಕಿ ಯಾವುದು, ಒಂದು ಮನೆ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆ ಎಂಬುದು ಗೊತ್ತಾಗದು. ಮನೆಗಳು ಗದ್ದೆಗಳ ನಡುವಿನ ಇನ್ನೊಂದು ಬೆಳೆಯ ಹಾಗೆ ಕಂಡವು.

ಮರುದಿನ 28 ಮಿ.ಮೀ. ಹಾಕಿ ಅಂಗಳಕ್ಕೆ ಬಂದೆ. ಒಂದನೆಯ ಮನೆಯ ಪಕ್ಕ ಮೂಲೆಯಲ್ಲಿ ನಿಂತು ಸಾಲಿನ ಉದ್ದಕ್ಕೆ ನೋಡಿದರೆ ಒಂಬತ್ತೂ ಬಾಗಿಲು ಒಂದೇ ಚಿತ್ರದಲ್ಲಿ. ಸೂರಿನ ಗೆರೆ, ಜಗಲಿಯ ಗೆರೆ, ಕಟ್ಟೆಯ ಗೆರೆ ಎಲ್ಲವೂ ಒಂದು ಬಿಂದುವಿಗೆ ಓಡುತ್ತವೆ. ಪತ್ರಿಕೆಗೆ ಕಳುಹಿಸಿದರೆ ಪುಟದ ತಲೆಗೆ ಹಾಕುವ ಚಿತ್ರ. ಅಂಗಳ ಆಟದ ಮೈದಾನದಷ್ಟು ದೊಡ್ಡದಾಗಿ ಕಂಡಿತು. ಹತ್ತಿರದ ಬಾಗಿಲು ನಾಲ್ಕು ಮೀಟರು ದೂರದಲ್ಲಿ, ಕೊನೆಯದು ಸುಮಾರು ಮೂವತ್ತಾರು ಮೀಟರು ದೂರದಲ್ಲಿ. ಅಂದರೆ ಒಂಬತ್ತನೆಯ ಬಾಗಿಲು ಒಂದನೆಯದರ ಒಂಬತ್ತನೇ ಒಂದು ಪಾಲು. ನಿಜದಲ್ಲಿ ಒಂಬತ್ತೂ ಒಂದೇ ಅಳತೆಯವು. ಹಾಗಿರಬೇಕೆಂದೇ ಹಿರಿಯರು ಕಟ್ಟಿದ್ದರು. ಅಣ್ಣನದು ದೊಡ್ಡದು, ತಮ್ಮನದು ಚಿಕ್ಕದು ಎಂಬ ಮಾತು ಆ ಸಾಲಿನಲ್ಲಿ ಇರಲಿಲ್ಲ. ನಾನು ನಿಂತ ಜಾಗ ಅವರ ನಡುವೆ ಇಲ್ಲದ ಹಿರಿತನ ಕಿರಿತನವನ್ನು ತಂದಿಟ್ಟಿತು.

ಉಳಿದದ್ದು 50. ಏಳು ಮೀಟರು ದೂರದ ಕಟ್ಟೆಗೆ ಬೆನ್ನು ಕೊಟ್ಟು ನಿಂತರೆ ಅದರಲ್ಲಿ ಸಿಗುವುದು ಐದು ಮೀಟರು ಅಗಲ. ಒಂದು ಮನೆ, ಎರಡು ಪಕ್ಕಗಳಲ್ಲಿ ನೆರೆಮನೆಯ ಅರ್ಧರ್ಧ ಮೀಟರು. ಬೇರೆ ದಾರಿ ಇರಲಿಲ್ಲ. ಒಂದು ಬಾಗಿಲಿನ ಎದುರು ನಿಲ್ಲುವುದು, ಕ್ಯಾಮರಾವನ್ನು ಸಮಮಟ್ಟದಲ್ಲಿ ಹಿಡಿಯುವುದು, ಒಂದು ಚಿತ್ರ ತೆಗೆಯುವುದು. ನಾಲ್ಕು ಮೀಟರು ಪಕ್ಕಕ್ಕೆ ಸರಿಯುವುದು, ಮತ್ತೆ ಒಂದು. ಹಾಗೆ ಒಂಬತ್ತು. ಕೆಲಸಕ್ಕೆ ಇಡೀ ಬೆಳಿಗ್ಗೆ ಹಿಡಿಯಿತು, ಯಾಕೆಂದರೆ ಒಬ್ಬರ ಬಾಗಿಲ ನೇರ ಎದುರಿಗೆ ನಿಂತು ಮಾತಾಡದೆ ಫೋಟೋ ತೆಗೆಯಲು ಆಗುವುದಿಲ್ಲ. ಮೂರನೆಯ ಮನೆಯಲ್ಲಿ ಚಹಾ ಕೊಟ್ಟರು. ಐದನೆಯ ಮನೆಯವರು ಬಾಗಿಲಿಗೆ ಬಣ್ಣ ಹಚ್ಚಿಲ್ಲವೆಂದು ಬೇಸರ ಮಾಡಿಕೊಂಡರು. ಏಳನೆಯದಕ್ಕೆ ಬೀಗ ಹಾಕಿತ್ತು. ಅವರು ಕೆಲಸಕ್ಕೆ ಕೊಯಮತ್ತೂರಿಗೆ ಹೋದವರು. ಒಂಬತ್ತನೆಯ ಮನೆಯ ಹೊಸ್ತಿಲಲ್ಲಿ ಮಿತ್ರರ ಅಜ್ಜಿ ಕೂತಿದ್ದರು. ಬಡಗರು ಅಜ್ಜಿಗೆ ಹೆತ್ತೆ ಎನ್ನುತ್ತಾರೆ. ಅವರ ಕುಲದೇವತೆಯ ಹೆಸರೂ ಅದೇ. ನಾನೂ ಹೆತ್ತೆ ಎಂದೇ ಕರೆದೆ. “ಎಲ್ಲಿಯವನಪ್ಪ?” ಎಂದು ಕೇಳಿದರು. ಕಡಲ ಕರೆಯವನು, ಮನೆಮಾತು ಕನ್ನಡ, ಸರಕಾರ ಮಲಯಾಳದ್ದು ಎಂದೆ. “ನಮಗೂ ಹಾಗೆಯೇ” ಎಂದು ನಕ್ಕರು.

ಫಿಲ್ಮನ್ನು ಊಟಿಯ ಒಂದು ಸ್ಟುಡಿಯೋದಲ್ಲಿ ತೊಳೆಸಿ, ಪ್ರಿಂಟ್ ಹಾಕಿಸಿ, ಮೂರನೆಯ ದಿನ ತಂದೆ. ಹಟ್ಟಿಯವರು ಕಟ್ಟೆಯ ಮೇಲೆ ಕೂತು ನೋಡಿದರು. ರಸ್ತೆಯಿಂದ ತೆಗೆದದ್ದನ್ನು ಹೆತ್ತೆ ಹಿಂದೆ ಮುಂದೆ ತಿರುಗಿಸಿ, “ಬಸ್ಸಿನವರಿಗೆ ನಾವು ಹೀಗೆ ಕಾಣುವುದೋ?” ಎಂದರು. ಅಂಗಳದ ದೊಡ್ಡ ಚಿತ್ರವನ್ನು ಹುಡುಗರೆಲ್ಲ ಮೆಚ್ಚಿದರು. ಹೆತ್ತೆ ಮಾತ್ರ ಅದರಲ್ಲಿ ಒಂಬತ್ತನೆಯ ಬಾಗಿಲನ್ನು ಹುಡುಕಿದರು. ಅದು ಕಡ್ಡಿಯ ತುದಿಯಷ್ಟಿತ್ತು. ಆಮೇಲೆ ಒಂಬತ್ತು ಬಿಡಿ ಪ್ರಿಂಟುಗಳನ್ನು ಕಟ್ಟೆಯ ಮೇಲೆ ಸಾಲಾಗಿ ಜೋಡಿಸಿದೆವು. ಗೋಡೆಗಳು ಒಂದಕ್ಕೊಂದು ಕೂಡಿಕೊಂಡವು. ಮುಂದಕ್ಕೆ ಚಾಚಿದ ಸೂರು ಮಾತ್ರ ಅಲ್ಲಲ್ಲಿ ತಪ್ಪುತ್ತಿತ್ತು, ಹತ್ತಿರದ ವಸ್ತು ಜಾಗ ಬದಲಿಸಿದಾಗ ಹಾಗೆ ಆಗಿಯೇ ಆಗುತ್ತದೆ. ಯಾರೂ ಅದನ್ನು ಲೆಕ್ಕಿಸಲಿಲ್ಲ. ಹೆತ್ತೆ ಬೆರಳಿಟ್ಟು ಒಂದು, ಎರಡು ಎಂದು ಎಣಿಸುತ್ತ ಬಂದರು. ಪ್ರತಿ ಬಾಗಿಲಿಗೂ ಒಂದು ಹೆಸರು, ಅದಕ್ಕೂ ಹಿಂದೆ ಅಲ್ಲಿ ಬಾಳಿದವರ ಹೆಸರು. ಎಣಿಕೆ ಮುಗಿಯುವಾಗ ಸಂಜೆಯಾಗಿತ್ತು. ಮಿತ್ರರು ಒಂದು ನೋಟುಪುಸ್ತಕ ತಂದು ಆ ಹೆಸರುಗಳನ್ನೆಲ್ಲ ಬರೆದುಕೊಂಡರು.

ಹೀಗೆ ಸರಿಯುತ್ತ ಸರಿಯುತ್ತ ಕಟ್ಟಡವನ್ನು ಹಿಡಿಯುವುದು ಹೊಸತೇನೂ ಅಲ್ಲ. 1858ರಲ್ಲಿ ಮದರಾಸು ಸರಕಾರದ ಫೋಟೋಗ್ರಾಫರನಾಗಿದ್ದ ಲಿನೇಯಸ್ ಟ್ರೈಪ್ ತಂಜಾವೂರಿನ ಬೃಹದೀಶ್ವರ ದೇವಾಲಯದ ಬುಡದ ಶಾಸನಗಳನ್ನು ಹೀಗೆಯೇ ತೆಗೆದ. ಭಾರದ ಕ್ಯಾಮರಾ ಹೊತ್ತು ಗೋಡೆಯ ಉದ್ದಕ್ಕೂ ಸರಿದು, 21 ಚಿತ್ರಗಳನ್ನು ಕೂಡಿಸಿ ಸುಮಾರು 19 ಅಡಿ ಉದ್ದದ ಪಟ್ಟಿ ಮಾಡಿದ. ದೇವಾಲಯದ ಗೋಪುರ ಎಷ್ಟು ಎತ್ತರ ಎಂಬುದು ಅದರಲ್ಲಿ ಕಾಣದು, ಅಕ್ಷರಗಳು ಕಾಣುತ್ತವೆ. ಅವನಿಗೆ ಬೇಕಾಗಿದ್ದದ್ದು ಓದಲು ಬರುವ ಗೋಡೆ. ಆ ಕಾಲದ ಎಷ್ಟೋ ಲೆನ್ಸುಗಳು ಅಂಚಿನಲ್ಲಿ ನೇರ ಗೆರೆಯನ್ನು ಬಾಗಿಸುತ್ತಿದ್ದವು. ಕಂಬ, ಗೋಡೆಗಳು ನೆಟ್ಟಗೆ ಬರುವಂಥ ಲೆನ್ಸುಗಳನ್ನು ಇಂಗ್ಲೆಂಡಿನ ಡಾಲ್ಮೇಯರ್, ಜರ್ಮನಿಯ ಸ್ಟೈನ್‌ಹೈಲ್ ಇಬ್ಬರೂ ಬೇರೆಬೇರೆಯಾಗಿ ತಂದದ್ದು 1866ರಲ್ಲಿ. ನಮ್ಮ ಧಾರವಾಡ, ಮೈಸೂರು ಸೀಮೆಯ ದೇವಾಲಯಗಳ ಫೋಟೋಗಳ ದೊಡ್ಡ ಪುಸ್ತಕವನ್ನು ಮೆಡೋಸ್ ಟೇಲರ್, ಫರ್ಗುಸನ್ ಹೊರತಂದದ್ದೂ ಅದೇ ವರ್ಷ.

ಎತ್ತರದ ಕಟ್ಟಡದ ತೊಂದರೆ ಬೇರೆ. ಮಧೂರಿನ ದೇವಸ್ಥಾನದ ಆನೆಬೆನ್ನಿನ ಗರ್ಭಗುಡಿಯ ಫೋಟೋವನ್ನು ಅಂಗಳದಿಂದ ತೆಗೆಯಲು ಹೋದವರಿಗೆ ಇದು ಗೊತ್ತು. ಮೇಲಿನ ಮಾಡು ಸೇರಲೆಂದು ಕ್ಯಾಮರಾ ಎತ್ತಿದೊಡನೆ ಗುಡಿ ಹಿಂದಕ್ಕೆ ವಾಲಿ ಬೀಳುವ ಹಾಗೆ ಕಾಣುತ್ತದೆ. ಕ್ಯಾಮರಾವನ್ನು ಎತ್ತದೆ ಲೆನ್ಸನ್ನು ಮಾತ್ರ ಮೇಲಕ್ಕೆ ಸರಿಸುವ ಏರ್ಪಾಡು ಹಳೆಯ ಮರದ ಕ್ಯಾಮರಾಗಳಲ್ಲಿತ್ತು. 35 ಮಿ.ಮೀ. ಕ್ಯಾಮರಾಕ್ಕೆ ಅಂಥ ಲೆನ್ಸನ್ನು ಮೊದಲು ಮಾಡಿದ್ದು ನಿಕಾನ್, 1962ರ ಹೊತ್ತಿಗೆ. ಅದನ್ನು ಕೊಳ್ಳುವ ಶಕ್ತಿ ಇಲ್ಲದವರಿಗೆ ಹಿರಿಯರು ಹೇಳಿಕೊಟ್ಟ ಉಪಾಯ ಒಂದಿದೆ. ಕ್ಯಾಮರಾವನ್ನು ಉದ್ದಕ್ಕೆ ಹಿಡಿದು, ಸಮಮಟ್ಟ ಬಿಡದೆ ತೆಗೆದು, ಕೆಳಗೆ ಹೆಚ್ಚಾಗಿ ಬಂದ ನೆಲವನ್ನು ಪ್ರಿಂಟಿನಲ್ಲಿ ಕತ್ತರಿಸುವುದು.

ಬೇಕಲದ ಕೋಟೆಯ ಕತೆ ಇನ್ನೂ ಬೇರೆ. 1995ರ ‘ಬಾಂಬೆ’ ಚಿತ್ರದ ಹಾಡಿನಲ್ಲಿ ಆ ಕೋಟೆ ಮಳೆ, ಕಡಲು, ಕಪ್ಪು ಕಲ್ಲಾಗಿ ದೇಶಕ್ಕೆಲ್ಲ ಕಂಡಿತು. ಬಹಳ ಚೆಂದದ ನೋಟವೇ. ಆಮೇಲೆ ಬಂದವರೆಲ್ಲ ಆ ನೋಟವನ್ನೇ ಹುಡುಕಿದರು. ಇಕ್ಕೇರಿಯ ನಾಯಕರು ಇಲ್ಲಿಗೇಕೆ ಬಂದರು, ಕೋಟೆಯೊಂದಿಗೆ ನಮ್ಮ ನಾಡಿಗೆ ಬಂದು ನೆಲೆಸಿದವರು ಯಾರು ಎಂಬ ಪ್ರಶ್ನೆ ಆ ಚೌಕಟ್ಟಿನೊಳಗೆ ಹಿಡಿಯುವಂಥದ್ದಲ್ಲ. ಗಡಿಯಲ್ಲಿ ಬಾಳುವ ನಮಗೆ ಇದು ಹೊಸದಲ್ಲ. ಒಂದು ರಾಜಧಾನಿಯಿಂದ ನೋಡಿದವರಿಗೆ ನಾವು ತುದಿ, ಇನ್ನೊಂದರಿಂದ ನೋಡಿದವರಿಗೂ ತುದಿ. ಎರಡೂ ಟೆಲಿ ಲೆನ್ಸಿನ ನೋಟಗಳೇ. ಸುಳ್ಳೆನ್ನಲು ಬರುವುದಿಲ್ಲ, ಆದರೆ ಬಾಗಿಲು ಕಾಣಿಸುವುದಿಲ್ಲ.

2019ರಲ್ಲಿ ಮತ್ತೊಮ್ಮೆ ಕೆತ್ತಿಗೆ ಹೋಗಿದ್ದೆ. ಸಾಲುಮನೆಯ ಜಾಗದಲ್ಲಿ ತಾರಸಿ ಮನೆಗಳು, ನೀಲಿ, ಗುಲಾಬಿ, ಗಿಳಿಹಸಿರು. ಮೇಲಿನ ರಸ್ತೆಯಿಂದ ನೋಡುವವರಿಗೆ ಕಣಿವೆ ಮೊದಲಿಗಿಂತ ಚೆಂದವಾಗಿದೆ. ಹಳೆಯ ಮನೆಯಲ್ಲಿ ಹೊಗೆ, ಕತ್ತಲೆ, ಚಳಿ ಅನುಭವಿಸಿದವರಿಗೆ ಹೊಸ ಮನೆಯ ಬೆಳಕು ಬೇಕಿತ್ತು; ಫೋಟೋ ತೆಗೆಯುವ ನಾವು ಅದಕ್ಕೆ ಮರುಗಬೇಕಾಗಿಲ್ಲ. ಹೆತ್ತೆ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಆದರೆ ಒಂಬತ್ತು ಮನೆಯವರಲ್ಲಿ ನಾನು ಹೋದ ಎಲ್ಲರ ಗೋಡೆಯ ಮೇಲೂ ಆ ಒಂಬತ್ತು ಚಿತ್ರಗಳ ಪಟ್ಟಿ ಇತ್ತು. ಅವರವರ ಬಾಗಿಲ ಕೆಳಗೆ ಅವರವರು ಹೆಸರು ಬರೆಸಿದ್ದರು. ಏಳನೆಯ ಬಾಗಿಲಿನವರು ಕೊಯಮತ್ತೂರಿನಲ್ಲೇ ನಿಂತಿದ್ದಾರೆ; ಬೀಗ ಹಾಕಿದ ತಮ್ಮ ಬಾಗಿಲಿನ ಚಿತ್ರ ಅವರಲ್ಲಿಯೂ ಇದೆಯಂತೆ.

ಮಿತ್ರರ ಮೊಮ್ಮಗ ತನ್ನ ಮೊಬೈಲಿನಲ್ಲಿ ಹೊಸ ಮನೆಗಳ ಸಾಲನ್ನು ಪನೋರಮಾ ಮಾಡಿ ತೋರಿಸಿದ. ನಿಂತಲ್ಲೇ ನಿಂತು ಕೈಯನ್ನು ಎಡದಿಂದ ಬಲಕ್ಕೆ ತಿರುಗಿಸಿದರಾಯಿತು, ಎಲ್ಲವೂ ಒಂದೇ ಚಿತ್ರ. ಮೊಬೈಲಿನ ಸಾಮಾನ್ಯ ಲೆನ್ಸೇ ನಮ್ಮ ಹಳೆಯ 28ಕ್ಕಿಂತ ಅಗಲವಾಗಿ ನೋಡುವುದು ಈಗ ಸಾಧಾರಣ. ಆದರೆ ನೇರವಾದ ಕಟ್ಟೆ ಅದರಲ್ಲಿ ಬಿಲ್ಲಿನಂತೆ ಬಾಗಿತ್ತು. “ಅಜ್ಜ, ಇದು ಯಾಕೆ ಹೀಗೆ?” ಎಂದು ಕೇಳಿದ. ಒಂದೇ ಕಡೆ ನಿಂತು ತಿರುಗಿದರೆ ನಡುವಿನದು ಹತ್ತಿರ, ತುದಿಗಳು ದೂರ. ಅದಕ್ಕೆ ಹಾಗೆ ಎಂದೆ. ಬಾಗದಿರಬೇಕಾದರೆ ನಡೆಯಬೇಕು. ಪ್ರತಿ ಬಾಗಿಲಿನ ಎದುರು ಒಮ್ಮೆ ನಿಲ್ಲಬೇಕು.

ನಮ್ಮ ಕಡೆಯಲ್ಲೂ ಈಗ ಹಳೆಯ ಮನೆಗಳು ವರ್ಷಕ್ಕೆ ಕೆಲವಾದರೂ ಇಳಿಯುತ್ತಿವೆ. ಚಾವಡಿಯ ಕಂಬ, ನಾಗಂದಿಗೆ, ಪತ್ತಾಯ, ಮಂಗಳೂರು ಹೆಂಚಿನ ಮಾಡು ಯಾವುದೂ ಹೆಚ್ಚು ಕಾಲ ಇರುವಂತಿಲ್ಲ. ಪ್ರತಿ ಮನೆಯಲ್ಲೂ ಒಂದು ಮೊಬೈಲ್ ಇದೆ, ಅದರಲ್ಲಿ ಎರಡು ಮೂರು ಲೆನ್ಸಿವೆ. ಇಡೀ ಮನೆ ಒಂದೇ ಚಿತ್ರದಲ್ಲಿ ಬರಬೇಕೆಂದು ತೋಟದ ತುದಿಗೆ ಹೋಗಿ ತೆಗೆಯಿರಿ, ಬೇಡವೆನ್ನುವುದಿಲ್ಲ. ಮನೆ ಯಾವ ಗುಡ್ಡದ ಮಗ್ಗುಲಲ್ಲಿ ಕೂತಿತ್ತೆಂದು ಮುಂದಿನವರಿಗೆ ತಿಳಿಯಲಿ. ಅದಾದ ಮೇಲೆ ಅಂಗಳಕ್ಕೆ ಬನ್ನಿ. ಬಾಗಿಲು ಬಾಗಿಲಿಗೂ ಎದುರು ನಿಂತು ಒಂದೊಂದು ತೆಗೆಯಿರಿ. ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಯಾವ ಕೋಣೆಯಲ್ಲಿ ಯಾರಿದ್ದರು ಎಂದು ಕೇಳಿ ಚಿತ್ರದ ಹಿಂದೆ ಬರೆಯಿರಿ. ಬರೆಯುವಾಗ ಕನ್ನಡದಲ್ಲಿ ಬರೆಯಿರಿ, ಮೊಮ್ಮಕ್ಕಳಿಗೆ ಮಲಯಾಳವೇ ಸುಲಭವಾದರೆ ಅದರಲ್ಲೂ ಬರೆಯಿರಿ.